ಎಕ್ಸ್‌ರೇಗೆ ಕಾಣದ ಗಾಯ

ಕಾಲು ಜಾರಿ ಬಿದ್ದವರ ಪಾದದ ಗಂಟಿನ ಎಕ್ಸ್‌ರೇ ಕೈಗೆ ಬಂದಾಗ ಮನೆಯವರ ಗಮನವೆಲ್ಲ ಮೂಳೆಯ ಮೇಲೇ ಇರುತ್ತದೆ. ಎಲ್ಲಿ ಮುರಿದಿದೆ, ಎಷ್ಟು ಸರಿದಿದೆ, ಪ್ಲೇಟು ಹಾಕಲೇಬೇಕೇ, ಸ್ಟೀಲೋ ಟೈಟಾನಿಯಮ್ಮೋ, ಖರ್ಚೆಷ್ಟು? ಆಪರೇಷನ್ ಮುಗಿದು, ಹೊಸ ಎಕ್ಸ್‌ರೇಯಲ್ಲಿ ಪ್ಲೇಟು ಮತ್ತು ಸ್ಕ್ರೂಗಳು ಸಾಲಾಗಿ ಕಂಡಾಗ ಎಲ್ಲರಿಗೂ ನೆಮ್ಮದಿ. ಮೂರು ತಿಂಗಳಾದ ಮೇಲೆ ಅದೇ ರೋಗಿ ಅದೇ ವೈದ್ಯರ ಮುಂದೆ ಕುಳಿತು ಕೇಳುವ ಪ್ರಶ್ನೆ ಬೇರೆಯದು: ‘ಮೂಳೆ ಕೂಡಿದೆ ಅಂತೀರಿ, ಹಾಗಾದರೆ ಸಂಜೆಯಾದರೆ ಕಾಲು ಯಾಕೆ ಊದಿಕೊಳ್ಳುತ್ತೆ? ಮೆಟ್ಟಿಲು ಇಳಿಯುವಾಗ ಯಾಕೆ ಧೈರ್ಯ ಬರಲ್ಲ?’

ಉತ್ತರ ಅನೇಕ ಸಲ ಆ ಎಕ್ಸ್‌ರೇಯಲ್ಲಿ ಕಾಣದ ಭಾಗದಲ್ಲಿರುತ್ತದೆ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಮೂಳೆಗೆ ಮೂಳೆಯನ್ನು ಬಿಗಿದು ಹಿಡಿಯುವ ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟುಗಳು, ಅದರಲ್ಲಿ ನೇರವಾಗಿ ಮೂಡುವುದಿಲ್ಲ. ಪಾದದ ಗಂಟು ತಿರುಚಿ ಮುರಿದಾಗ ಹೆಚ್ಚಿನ ಸಂದರ್ಭಗಳಲ್ಲಿ ಒಂದಲ್ಲ ಒಂದು ಲಿಗಮೆಂಟಿಗೂ ಪೆಟ್ಟು ಬಿದ್ದಿರುತ್ತದೆ. ಯಾವುದು ಹರಿದಿದೆ, ಅದನ್ನು ಹೊಲಿಯಬೇಕೇ ಅಥವಾ ಮೂಳೆ ಸರಿಯಾಗಿ ಕೂತರೆ ತಾನಾಗಿಯೇ ಮಾಯುತ್ತದೆಯೇ? ಕಾಲು ಮೊದಲಿನಂತಾಗುವುದು ಬಹುಮಟ್ಟಿಗೆ ಈ ತೀರ್ಮಾನವನ್ನು ಅವಲಂಬಿಸಿದೆ.

ಒಂದು ಮಿಲಿಮೀಟರಿನ ಬೆಲೆ

ಪಾದದ ಗಂಟು ಮೂರು ಮೂಳೆಗಳು ಕೂಡುವ ಜಾಗ. ಮೊಣಕಾಲಿನಿಂದ ಇಳಿದು ಬರುವ ದಪ್ಪ ಮೂಳೆ ಟಿಬಿಯಾ. ಅದರ ಹೊರಬದಿಗೆ ಅಂಟಿಕೊಂಡಂತೆ ಬರುವ ತೆಳು ಮೂಳೆ ಫಿಬುಲಾ. ಇವೆರಡರ ನಡುವೆ ಕೆಳಗಿನಿಂದ ಬಂದು ಕೂರುವುದು ಪಾದದ ಮೂಳೆ ಟಾಲಸ್. ಗಂಟಿನ ಒಳಬದಿಯಲ್ಲಿ ಕೈಗೆ ಸಿಗುವ ಉಬ್ಬು ಟಿಬಿಯಾದ ತುದಿ, ಹೊರಬದಿಯ ಉಬ್ಬು ಫಿಬುಲಾದ ತುದಿ. ಬಡಗಿ ಕಚ್ಚು ಕೊರೆದು ಮರಕ್ಕೆ ಮರ ಕೂರಿಸುವ ಹಾಗೆ ಈ ಎರಡು ಉಬ್ಬುಗಳ ನಡುವಿನ ಕಚ್ಚಿನಲ್ಲಿ ಟಾಲಸ್ ಬಿಗಿಯಾಗಿ ಕೂತಿದೆ.

ಈ ಕಚ್ಚು ಸಡಿಲವಾಗದಂತೆ ನೋಡಿಕೊಳ್ಳುವ ಲಿಗಮೆಂಟುಗಳಲ್ಲಿ ಮೂರು ಗುಂಪುಗಳಿವೆ. ಒಳಬದಿಯಲ್ಲಿ ಬೀಸಣಿಗೆಯ ಆಕಾರದ ಡೆಲ್ಟಾಯ್ಡ್ ಇದೆ. ಅದರಲ್ಲಿ ಮೇಲ್ಪದರ ಮತ್ತು ಆಳದ ಪದರ ಎಂಬ ಎರಡು ಭಾಗ. ಟಾಲಸ್ ಹೊರಕ್ಕೆ ಸರಿಯದಂತೆ ಹಿಡಿಯುವ ಮುಖ್ಯ ಹೊಣೆ ಆಳದ ಪದರದ್ದು. ಹೊರಬದಿಯಲ್ಲಿ ಮೂರು ಪಟ್ಟಿಗಳಿವೆ. ಸಾಮಾನ್ಯ ಉಳುಕಿನಲ್ಲಿ ಹರಿಯುವುದು ಹೆಚ್ಚಾಗಿ ಇವುಗಳ ಪೈಕಿ ಮುಂದಿನದು. ಮೂರನೆಯ ಗುಂಪು ಟಿಬಿಯಾ ಮತ್ತು ಫಿಬುಲಾಗಳನ್ನು ಗಂಟಿನ ಸ್ವಲ್ಪ ಮೇಲೆ ಒಂದಕ್ಕೊಂದು ಕಟ್ಟಿಹಾಕಿದೆ. ವೈದ್ಯರು ಇದನ್ನು ಸಿಂಡೆಸ್ಮೋಸಿಸ್ ಎನ್ನುತ್ತಾರೆ. ಸಿಂಡೆಸ್ಮೋಸಿಸ್ ಹರಿದರೆ ಎರಡೂ ಮೂಳೆಗಳು ಬೇರ್ಪಟ್ಟು ಕಚ್ಚು ಅಗಲವಾಗುತ್ತದೆ. ಟಾಲಸ್ ಅದರೊಳಗೆ ಆಡತೊಡಗುತ್ತದೆ.

ಸ್ವಲ್ಪ ಆಡಿದರೆ ಏನಾದೀತು ಎಂದು ಕೇಳಬಹುದು. 1976ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಮೂಳೆ ವೈದ್ಯರು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಟಾಲಸ್ ಕೇವಲ 1 ಮಿಲಿಮೀಟರ್ ಹೊರಕ್ಕೆ ಸರಿದರೆ, ಅದಕ್ಕೂ ಟಿಬಿಯಾಕ್ಕೂ ನಡುವಿನ ಸಂಪರ್ಕದ ವಿಸ್ತೀರ್ಣ ಸರಾಸರಿ ಶೇ 42ರಷ್ಟು ಕುಗ್ಗುತ್ತದೆ ಎಂದು ಅವರು ಅಳೆದು ತೋರಿಸಿದರು. ದೇಹದ ಭಾರ ಅಷ್ಟೇ ಇದ್ದು, ಅದನ್ನು ಹೊರುವ ಜಾಗ ಮಾತ್ರ ಕಿರಿದಾದರೆ ಆ ಜಾಗದ ಮೃದ್ವಸ್ಥಿ ಬೇಗ ಸವೆಯುತ್ತದೆ. ಮೊಣಕಾಲು ವಯಸ್ಸಿನ ಕಾರಣದಿಂದ ಸವೆಯುವುದು ಹೆಚ್ಚು. ಪಾದದ ಗಂಟಿನ ಸವೆತದ ಹಿಂದೆ ಮಾತ್ರ ಬಹುತೇಕ ಯಾವುದೋ ಹಳೆಯ ಪೆಟ್ಟು ಇರುತ್ತದೆ. ಶಸ್ತ್ರವೈದ್ಯರು ಮಿಲಿಮೀಟರಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಇದಕ್ಕಾಗಿಯೇ.

ಮುರಿತಕ್ಕೊಂದು ಕ್ರಮವಿದೆ

ಮೂಳೆಯ ಜೊತೆ ಲಿಗಮೆಂಟೂ ಹರಿಯುತ್ತದೆ ಎನ್ನುವುದು ಹೊಸ ತಿಳಿವಳಿಕೆಯಲ್ಲ. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1756ರಲ್ಲಿ ಓಲ್ಡ್ ಕೆಂಟ್ ರಸ್ತೆಯಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡರು. ಅಲುಗಾಡಿಸಿದರೆ ಗಾಯ ಬಿಗಡಾಯಿಸುತ್ತದೆಂದು ತಿಳಿದಿದ್ದ ಅವರು, ಒಂದು ಬಾಗಿಲನ್ನು ಕೊಂಡು ತರಿಸಿ, ಅದಕ್ಕೆ ಕೋಲುಗಳನ್ನು ಹೊಡೆಸಿ, ಅದರ ಮೇಲೆ ಮಲಗಿಯೇ ಮನೆ ಸೇರಿದರಂತೆ. ಮುಂದೆ ಮುರಿತಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಒಂದು ಬಗೆಯ ಗಾಯವನ್ನು ಸೂಕ್ಷ್ಮವಾಗಿ ವಿವರಿಸಿದರು: ಫಿಬುಲಾ ತನ್ನ ಕೆಳತುದಿಯಿಂದ ಎರಡು ಮೂರು ಅಂಗುಲ ಮೇಲೆ ಮುರಿದಿದೆ, ಒಳಬದಿಯ ಲಿಗಮೆಂಟು ಹರಿದಿದೆ, ಟಾಲಸ್ ಸರಿದಿದೆ. ಎಕ್ಸ್‌ರೇ ಬರುವುದಕ್ಕೆ ಶತಮಾನಕ್ಕೂ ಮೊದಲೇ ಅವರು ಮೂಳೆಯ ಜೊತೆ ಲಿಗಮೆಂಟಿನ ಗಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಪಾದದ ಗಂಟಿನ ಮುರಿತಕ್ಕೆ ವೈದ್ಯಲೋಕದಲ್ಲಿ ಅವರ ಹೆಸರು ಬಹುಕಾಲ ಉಳಿಯಿತು.

1840ರಲ್ಲಿ ಫ್ರಾನ್ಸಿನ ಮೆಸೊನ್ಯೂವ್ ಇನ್ನೊಂದು ಅಚ್ಚರಿಯ ಗಾಯವನ್ನು ಗುರುತಿಸಿದರು. ತಿರುಚುವುದು ಪಾದ, ಆದರೆ ಫಿಬುಲಾ ಮುರಿಯುವುದು ಮೊಣಕಾಲಿನ ಹತ್ತಿರ. ತಿರುಚಿದ ಬಲ ಸಿಂಡೆಸ್ಮೋಸಿಸನ್ನು ಹರಿದು, ಎರಡು ಮೂಳೆಗಳ ನಡುವಿನ ಪೊರೆಯ ಗುಂಟ ಮೇಲಕ್ಕೇರಿ ಅಲ್ಲಿ ಹೊರಬಿದ್ದಿರುತ್ತದೆ. ಪಾದದ ಗಂಟಿನ ಎಕ್ಸ್‌ರೇಯೊಂದನ್ನೇ ತೆಗೆದರೆ ಮುರಿತವೇ ಕಾಣದೆ, ‘ಬರೀ ಉಳುಕು’ ಎಂದು ರೋಗಿಯನ್ನು ಮನೆಗೆ ಕಳಿಸುವ ಅಪಾಯವಿದೆ. ಪಾದದ ಗಂಟಿಗೆ ಪೆಟ್ಟು ಬಿದ್ದವರ ಕಾಲನ್ನು ಅನುಭವಿ ವೈದ್ಯರು ಮೊಣಕಾಲಿನವರೆಗೂ ಒತ್ತಿ ನೋಡುವುದು ಈ ಕಾರಣಕ್ಕೆ.

ಈ ಗಾಯಗಳ ಒಳಗಿನ ಕ್ರಮವನ್ನು ಬಿಡಿಸಿ ತೋರಿಸಿದವರು ಡೆನ್ಮಾರ್ಕಿನ ನೀಲ್ಸ್ ಲೌಗ–ಹಾನ್ಸನ್. ದೇಹದಿಂದ ಬೇರ್ಪಡಿಸಿದ ಕಾಲುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಚಿ ಅವರು ನಡೆಸಿದ ಪ್ರಯೋಗಗಳ ಫಲವಾಗಿ ಬಂದ ವರ್ಗೀಕರಣ 1950ರಿಂದ ಇಂದಿನವರೆಗೂ ಬಳಕೆಯಲ್ಲಿದೆ. ಅತ್ಯಂತ ಸಾಮಾನ್ಯವಾದ ಬಗೆಯನ್ನೇ ನೋಡೋಣ. ಪಾದ ಒಳಮಗ್ಗುಲಾಗಿ ನೆಲಕ್ಕೆ ಊರಿಕೊಂಡಿರುವಾಗ ದೇಹ ಗಿರಕಿ ಹೊಡೆಯುತ್ತದೆ. ಮೊದಲು ಹರಿಯುವುದು ಸಿಂಡೆಸ್ಮೋಸಿಸಿನ ಮುಂಭಾಗ. ಬಲ ಅಲ್ಲಿಗೇ ನಿಲ್ಲದಿದ್ದರೆ ಫಿಬುಲಾ ಓರೆಯಾಗಿ, ಸುರುಳಿಯಂತೆ ಮುರಿಯುತ್ತದೆ. ಆಮೇಲೆ ಹಿಂಭಾಗದ ಲಿಗಮೆಂಟು ಹರಿಯುತ್ತದೆ, ಇಲ್ಲವೇ ಅದು ಅಂಟಿಕೊಂಡಿರುವ ಟಿಬಿಯಾದ ಹಿಂಚೂರು ಕಿತ್ತುಬರುತ್ತದೆ. ಕೊನೆಗೆ ಒಳಬದಿ: ಒಂದೋ ಟಿಬಿಯಾದ ಉಬ್ಬು ಮುರಿಯುತ್ತದೆ, ಇಲ್ಲವೇ ಡೆಲ್ಟಾಯ್ಡ್ ಹರಿಯುತ್ತದೆ.

ಈ ನಾಲ್ಕು ಹಂತಗಳಲ್ಲಿ ಎಕ್ಸ್‌ರೇಗೆ ಖಂಡಿತವಾಗಿ ಕಾಣುವುದು ಎರಡನೆಯದು ಮಾತ್ರ. ಹೊರಬದಿಯ ಒಂದೇ ಒಂದು ಮುರಿತ ಕಂಡರೂ, ಅದರ ಹಿಂದೆ ಮುಂದೆ ಇನ್ನೆಷ್ಟು ಹರಿದಿದೆ ಎಂದು ವೈದ್ಯರು ಹುಡುಕಲೇಬೇಕಾಗುತ್ತದೆ.

ನೀವಿಸುವ ಮುನ್ನ

ಕಾಲು ಉಳುಕಿದರೆ ಎಣ್ಣೆ ಹಾಕಿ ನೀವಿಸಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಅರಿಶಿನ ಸುಣ್ಣ ಹಚ್ಚುವವರಿದ್ದಾರೆ, ಬಿಗಿಯಾಗಿ ಪುತ್ತೂರು ಕಟ್ಟು ಹಾಕಿಸುವವರೂ ಇದ್ದಾರೆ. ಸರಳ ಉಳುಕು ಹೇಗೂ ಮಾಯುತ್ತದೆ. ಆದರೆ ಗಂಟು ಮುರಿದು ಟಾಲಸ್ ಸರಿದಿದ್ದರೆ ನೀವುವ ಪ್ರತಿ ಎಳೆತವೂ ಹರಿದ ಲಿಗಮೆಂಟನ್ನು ಇನ್ನಷ್ಟು ಹರಿಯುತ್ತದೆ. ಊತ ಏರುತ್ತಿರುವ ಕಾಲಿಗೆ ಬಿಗಿಯಾಗಿ ಕಟ್ಟಿದ ಕಟ್ಟು ರಕ್ತದ ಹರಿವನ್ನೇ ತಡೆಯಬಲ್ಲದು. ಮಿಲಿಮೀಟರಿನ ಲೆಕ್ಕದಲ್ಲಿ ಕೂರಿಸಬೇಕಾದ ಗಂಟನ್ನು ಒಳಗೇನಾಗಿದೆ ಎಂದು ನೋಡದೆ ಕೂರಿಸಲು ಯಾರಿಂದಲೂ ಆಗದು.

ಹಾಗೆಂದು ಪ್ರತಿ ಉಳುಕಿಗೂ ಎಕ್ಸ್‌ರೇ ಬೇಕಿಲ್ಲ. ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ವೈದ್ಯರು ರೂಪಿಸಿದ ಸರಳ ನಿಯಮಗಳು ಇಂದು ಜಗತ್ತಿನಾದ್ಯಂತ ತುರ್ತುಚಿಕಿತ್ಸಾ ವಿಭಾಗಗಳಲ್ಲಿ ಬಳಕೆಯಲ್ಲಿವೆ. ಪಾದದ ಗಂಟಿನಲ್ಲಿ ನೋವಿದ್ದು, ಎರಡು ಬದಿಗಳಲ್ಲಿ ಯಾವುದಾದರೂ ಒಂದು ಉಬ್ಬಿನ ತುದಿ ಅಥವಾ ಹಿಂದಿನ ಅಂಚನ್ನು ಒತ್ತಿದಾಗ ಮೂಳೆಯ ಮೇಲೇ ನೋವಾದರೆ ಎಕ್ಸ್‌ರೇ ಬೇಕು. ಬಿದ್ದ ಕೂಡಲೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗದಿದ್ದರೂ ಬೇಕು. ಪಾದ ಸೊಟ್ಟಗೆ ತಿರುಗಿದ್ದರೆ, ಚರ್ಮ ಬಿಗಿದು ಬಿಳಿಚಿಕೊಂಡಿದ್ದರೆ, ಗಾಯದಿಂದ ಮೂಳೆ ಕಾಣುತ್ತಿದ್ದರೆ ಒಂದು ಕ್ಷಣವೂ ತಡಮಾಡುವಂತಿಲ್ಲ. ಅಂಥ ಕಾಲನ್ನು ಹೇಗಿದೆಯೋ ಹಾಗೆಯೇ ದಿಂಬು, ರಟ್ಟು ಇಟ್ಟು ಅಲುಗದಂತೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಲಿಗಮೆಂಟು ಹರಿದಿದೆಯೇ ಎಂಬುದನ್ನು ವೈದ್ಯರು ಪರೋಕ್ಷವಾಗಿ ಪತ್ತೆಹಚ್ಚುತ್ತಾರೆ. ಟಾಲಸ್ ಮತ್ತು ಒಳಬದಿಯ ಉಬ್ಬಿನ ನಡುವಿನ ಖಾಲಿ ಜಾಗ ಎಷ್ಟಿದೆ ಎಂದು ಎಕ್ಸ್‌ರೇಯಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಅದು 4 ಮಿಲಿಮೀಟರಿನೊಳಗೆ ಇರಬೇಕು. ಸುಮ್ಮನೆ ಮಲಗಿದಾಗ ಸರಿಯಿದ್ದ ಗಂಟು ಭಾರ ಬಿದ್ದಾಗ ತೆರೆದುಕೊಳ್ಳಬಹುದು. ಅದನ್ನು ತಿಳಿಯಲು ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಪಾದವನ್ನು ಮೇಜಿನ ಅಂಚಿನಿಂದ ಇಳಿಬಿಟ್ಟು, ಅದರ ತೂಕವೇ ಗಂಟನ್ನು ಎಳೆಯುವಂತೆ ಮಾಡಿ ಇನ್ನೊಂದು ಎಕ್ಸ್‌ರೇ ತೆಗೆಯುತ್ತಾರೆ. ಆಗಲೂ ಆ ಜಾಗ ಅಗಲವಾಗದಿದ್ದರೆ ಹೊರಬದಿಯ ಮುರಿತವಿದ್ದರೂ ಎಷ್ಟೋ ರೋಗಿಗಳಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ಬೂಟು ಅಥವಾ ಪಟ್ಟಿಯಲ್ಲೇ ಗುಣವಾಗುತ್ತದೆ. ಅಗತ್ಯವಿದ್ದಾಗ ಸಿಟಿ ಸ್ಕ್ಯಾನ್ ಮತ್ತು ಎಂಆರ್‌ಐ ನೆರವಿಗೆ ಬರುತ್ತವೆ.

ಆಪರೇಷನ್ ಮೇಜಿನ ಮೇಲೆ

ಆಪರೇಷನ್ ನಿಶ್ಚಯವಾದ ಮೇಲೂ ‘ಯಾಕೆ ಇವತ್ತೇ ಮಾಡುತ್ತಿಲ್ಲ’ ಎಂದು ಮನೆಯವರು ಚಡಪಡಿಸುವುದುಂಟು. ಪಾದದ ಗಂಟಿನ ಸುತ್ತ ಮಾಂಸ ಕಡಿಮೆ. ಚರ್ಮ ನೇರವಾಗಿ ಮೂಳೆಯ ಮೇಲೇ ಹಾಸಿಕೊಂಡಿದೆ. ಊದಿ ಬಿಗಿದು ಹೊಳೆಯುವ, ನೀರುಗುಳ್ಳೆ ಎದ್ದ ಚರ್ಮವನ್ನು ಕೊಯ್ದರೆ ಗಾಯ ಕೂಡಿಕೊಳ್ಳದೆ ಕೀವಾಗುವ ಭಯವಿದೆ. ಗಂಟನ್ನು ಜಾಗಕ್ಕೆ ಕೂರಿಸಿ, ಪಟ್ಟಿ ಕಟ್ಟಿ, ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿಟ್ಟು ವೈದ್ಯರು ಕಾಯುತ್ತಾರೆ. ಪ್ರತಿದಿನ ಬಂದು ಚರ್ಮವನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡುತ್ತಾರೆ. ಅಲ್ಲಿ ಸಣ್ಣ ಸುಕ್ಕುಗಳು ಮೂಡಿದ ದಿನ ಊತ ಇಳಿದಿದೆ ಎಂದರ್ಥ. ಇದಕ್ಕೆ ಕೆಲವೊಮ್ಮೆ ವಾರ, ಹತ್ತು ದಿನ ಹಿಡಿಯುತ್ತದೆ. ಹಾಸಿಗೆಯಲ್ಲಿ ಕಳೆದ ಈ ದಿನಗಳು ವ್ಯರ್ಥವಲ್ಲ.

ಮೇಜಿನ ಮೇಲೆ ಮೊದಲ ಕೆಲಸ ಫಿಬುಲಾವನ್ನು ಅದರ ಸರಿಯಾದ ಉದ್ದಕ್ಕೆ, ಸರಿಯಾದ ತಿರುವಿಗೆ ತಂದು ಪ್ಲೇಟು ಮತ್ತು ಸ್ಕ್ರೂಗಳಿಂದ ಹಿಡಿಸುವುದು. ಫಿಬುಲಾ ಹೋದಲ್ಲಿಗೆ ಟಾಲಸ್ ಹೋಗುತ್ತದೆ ಎಂಬುದನ್ನು 1970ರ ದಶಕದ ಅಧ್ಯಯನಗಳು ಸ್ಪಷ್ಟಪಡಿಸಿದವು. ಒಳಬದಿಯ ಉಬ್ಬು ಮುರಿದಿದ್ದರೆ ಅದಕ್ಕೂ ಸ್ಕ್ರೂ ಬೀಳುತ್ತದೆ.

ಮೂಳೆಯ ಕೆಲಸ ಮುಗಿಯಿತೆಂದು ಅನ್ನಿಸುವ ಹೊತ್ತಿಗೆ ನಿರ್ಣಾಯಕ ಪರೀಕ್ಷೆಯೊಂದು ನಡೆಯುತ್ತದೆ. ಶಸ್ತ್ರವೈದ್ಯರು ಒಂದು ಕೊಕ್ಕೆಯನ್ನು ಫಿಬುಲಾಕ್ಕೆ ಸಿಕ್ಕಿಸಿ ಹೊರಕ್ಕೆ ಎಳೆಯುತ್ತಾರೆ. ಪಕ್ಕದಲ್ಲಿರುವ ಸಿ–ಆರ್ಮ್ ಯಂತ್ರದ ಪರದೆಯ ಮೇಲೆ ಗಂಟಿನ ಜೀವಂತ ಎಕ್ಸ್‌ರೇ ಮೂಡಿರುತ್ತದೆ. ಎಳೆದಾಗ ಎರಡು ಮೂಳೆಗಳ ನಡುವೆ ಕತ್ತಲ ಗೆರೆ ಅಗಲವಾಗುತ್ತದೆಯೇ, ಪಾದವನ್ನು ಹೊರಕ್ಕೆ ತಿರುಗಿಸಿದಾಗ ಒಳಬದಿಯ ಸಂದು ಬಾಯಿ ಬಿಡುತ್ತದೆಯೇ ಎಂದು ಎಲ್ಲರೂ ಪರದೆಯನ್ನೇ ನೋಡುತ್ತಾರೆ. ಗೆರೆ ಅಗಲವಾಯಿತೆಂದರೆ ಮೂಳೆ ಕೂಡಿಸಿದ್ದು ಸಾಲದು, ಸಿಂಡೆಸ್ಮೋಸಿಸನ್ನೂ ಹಿಡಿಸಬೇಕು. ಕೆಲವೇ ಕ್ಷಣಗಳ ಈ ಪರೀಕ್ಷೆಯನ್ನು ಬಿಟ್ಟರೆ ಅಂದದ ಎಕ್ಸ್‌ರೇ ಇದ್ದೂ ಸಡಿಲವಾದ ಗಂಟು ಉಳಿದುಬಿಡಬಹುದು.

ಹಿಡಿಸುವುದಕ್ಕೆ ಎರಡು ದಾರಿಗಳಿವೆ. ಹಳೆಯದು ಸ್ಕ್ರೂ. ಗಂಟಿನ ಸಂದಿಗಿಂತ ಎರಡರಿಂದ ನಾಲ್ಕು ಸೆಂಟಿಮೀಟರ್ ಮೇಲೆ ಫಿಬುಲಾದಿಂದ ಟಿಬಿಯಾಕ್ಕೆ ಒಂದೋ ಎರಡೋ ಸ್ಕ್ರೂ ಹಾಕಿ, ಹರಿದ ಲಿಗಮೆಂಟು ಮಾಯುವ ತನಕ ಎರಡೂ ಮೂಳೆಗಳನ್ನು ಹತ್ತಿರ ಹಿಡಿದಿಡುವುದು. ಹೊಸದು ದಾರ–ಗುಂಡಿಯ ವಿಧಾನ. ಎರಡು ಮೂಳೆಗಳ ಮೂಲಕ ಗಟ್ಟಿ ದಾರ ಹಾಯಿಸಿ, ಎರಡೂ ಕಡೆ ಸಣ್ಣ ಲೋಹದ ಗುಂಡಿಗಳಿಂದ ಬಿಗಿಯುತ್ತಾರೆ. ನಡೆಯುವಾಗ ಫಿಬುಲಾ ಸಹಜವಾಗಿಯೇ ಕೊಂಚ ಮಿಸುಕುತ್ತದೆ. ದಾರ ಅದಕ್ಕೆ ಅವಕಾಶ ಕೊಡುತ್ತದೆ, ಸ್ಕ್ರೂ ಕೊಡುವುದಿಲ್ಲ. ನಾರ್ವೆಯಲ್ಲಿ 97 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ ನಂತರವೂ ದಾರದ ಗುಂಪಿನವರ ಪಾದ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಕೆನಡಾದಲ್ಲಿ 103 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಮೂಳೆಗಳು ತಪ್ಪು ಜಾಗದಲ್ಲಿ ಕೂತ ಪ್ರಕರಣಗಳು ದಾರದ ಗುಂಪಿನಲ್ಲಿ ಕಡಿಮೆಯಿದ್ದವು. ಆದರೆ ದಾರದ ಸಾಧನಕ್ಕೆ ಸ್ಕ್ರೂಗಿಂತ ಬೆಲೆ ಹೆಚ್ಚು. ಸರಿಯಾದ ಜಾಗದಲ್ಲಿ ಕೂತ ಸ್ಕ್ರೂ ಇಂದಿಗೂ ಒಪ್ಪಿತ ಚಿಕಿತ್ಸೆಯೇ. ಅದನ್ನು ಹಾಕಿಸಿಕೊಂಡವರು ಕೊರಗಬೇಕಿಲ್ಲ.

ಮೂಳೆಯ ಚೂರೊಂದನ್ನು ಜೋಡಿಸುವುದರಿಂದಲೇ ಲಿಗಮೆಂಟು ಸರಿಹೋಗುವ ಸಂದರ್ಭವೂ ಇದೆ. ಟಿಬಿಯಾದ ಹಿಂಬದಿಯಿಂದ ಕಿತ್ತುಬಂದ ಚೂರಿಗೆ ಸಿಂಡೆಸ್ಮೋಸಿಸಿನ ಹಿಂಭಾಗದ ಗಟ್ಟಿ ಪಟ್ಟಿ ಅಂಟಿಕೊಂಡೇ ಇರುತ್ತದೆ. ಆ ಚೂರನ್ನು ಅದರ ಜಾಗಕ್ಕೆ ಸ್ಕ್ರೂ ಮಾಡಿದರೆ ಪಟ್ಟಿ ಮತ್ತೆ ಬಿಗಿಯಾಗುತ್ತದೆ. ಬೇರೆ ಸ್ಕ್ರೂ ಬೇಕಾಗದೆಯೂ ಇರಬಹುದು. ಹಿಂದೆ ಸಣ್ಣದೆಂದು ಬಿಟ್ಟುಬಿಡುತ್ತಿದ್ದ ಇಂಥ ಚೂರುಗಳ ಬಗ್ಗೆ ಈಗ ಕಾಳಜಿ ಹೆಚ್ಚಿದೆ.

ಡೆಲ್ಟಾಯ್ಡ್ ಹೊಲಿಯಬೇಕೇ?

ಎಲ್ಲಕ್ಕಿಂತ ಹೆಚ್ಚು ಚರ್ಚೆ ನಡೆದಿರುವುದು ಒಳಬದಿಯ ಡೆಲ್ಟಾಯ್ಡ್ ಬಗ್ಗೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫಿಬುಲಾ ಮುರಿದು ಡೆಲ್ಟಾಯ್ಡ್ ಹರಿದಿದ್ದ 50 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಲಿಗಮೆಂಟು ಹೊಲಿದರು, ಇನ್ನೊಂದಕ್ಕೆ ಮೂಳೆ ಮಾತ್ರ ಕೂಡಿಸಿದರು. ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫಿಬುಲಾ ಕರಾರುವಾಕ್ಕಾಗಿ ಕೂತು, ಟಾಲಸ್ ತನ್ನ ಜಾಗಕ್ಕೆ ಮರಳಿದರೆ ಹರಿದ ಡೆಲ್ಟಾಯ್ಡಿನ ತುದಿಗಳು ಹತ್ತಿರ ಬಂದು ತಾವಾಗಿಯೇ ಮಾಯುತ್ತವೆ ಎಂಬ ನಿಲುವು ಅಲ್ಲಿಂದ ಬಲಗೊಂಡಿತು.

ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 14 ಆಟಗಾರರಲ್ಲಿ ಮುರಿತ ಜೋಡಿಸುವಾಗಲೇ ಡೆಲ್ಟಾಯ್ಡನ್ನೂ ಸರಿಪಡಿಸಿದ ಅನುಭವವನ್ನು ಶಸ್ತ್ರವೈದ್ಯರು 2015ರಲ್ಲಿ ಪ್ರಕಟಿಸಿದರು. ಆರು ತಿಂಗಳೊಳಗೆ ಅವರೆಲ್ಲ ಓಡುವ, ಥಟ್ಟನೆ ದಿಕ್ಕು ಬದಲಿಸುವ ಸ್ಥಿತಿಗೆ ಬಂದಿದ್ದರು. ಆ ಅಧ್ಯಯನದಲ್ಲಿ ಹೋಲಿಕೆಯ ಗುಂಪು ಇರಲಿಲ್ಲ, ಹಾಗಾಗಿ ಹೊಲಿದದ್ದರಿಂದಲೇ ಗುಣವಾಯಿತೆಂದು ಹೇಳಲು ಬಾರದು. ಆದರೂ ಗಂಟಿನ ಮೇಲೆ ಅಸಾಧಾರಣ ಭಾರ ಹಾಕುವವರ ವಿಷಯದಲ್ಲಿ ಹೊಲಿಗೆಯ ಕಡೆಗೆ ಒಲವು ಮತ್ತೆ ಮೂಡಿತು.

ಇಂದು ಬಹುಪಾಲು ಶಸ್ತ್ರವೈದ್ಯರು ನಡುದಾರಿ ಹಿಡಿದಿದ್ದಾರೆ. ಫಿಬುಲಾ ಮತ್ತು ಸಿಂಡೆಸ್ಮೋಸಿಸ್ ಸರಿಪಡಿಸಿದ ಮೇಲೆ ಒಳಬದಿಯ ಸಂದು ಮುಚ್ಚಿಕೊಂಡರೆ ಡೆಲ್ಟಾಯ್ಡನ್ನು ಮುಟ್ಟುವುದಿಲ್ಲ. ಮುಚ್ಚಿಕೊಳ್ಳದಿದ್ದರೆ ಒಳಬದಿಯನ್ನು ತೆರೆಯಲೇಬೇಕು. ಹರಿದ ಡೆಲ್ಟಾಯ್ಡ್ ಕೆಲವೊಮ್ಮೆ ಮಡಚಿಕೊಂಡು ಮೂಳೆಗಳ ನಡುವೆ ಸಿಕ್ಕಿಬಿದ್ದಿರುತ್ತದೆ. ಅದನ್ನು ಹೊರತೆಗೆಯದೆ ಟಾಲಸ್ ಜಾಗಕ್ಕೆ ಬರುವುದಿಲ್ಲ. ತೆರೆದಾಗ ಕಾಣುವುದು ಚೂರುಚೂರಾದ ಬಿಳಿ ನಾರಿನ ಪಟ್ಟಿ, ಮತ್ತು ಅದು ಕಿತ್ತುಬಂದ ಮೂಳೆಯ ಮೇಲೊಂದು ಬರಿದಾದ ಜಾಗ. ಆ ಜಾಗದಲ್ಲಿ ಸಣ್ಣ ರಂಧ್ರ ಕೊರೆದು, ದಾರ ಕಟ್ಟಿದ ಪುಟ್ಟ ಗೂಟದಂಥ ಸೂಚರ್ ಆಂಕರನ್ನು ಕೂರಿಸುತ್ತಾರೆ. ಆ ದಾರವನ್ನು ಪಟ್ಟಿಯ ಮೂಲಕ ಹಾಯಿಸಿ, ಪಾದವನ್ನು ಕೊಂಚ ಒಳಕ್ಕೆ ತಿರುಗಿಸಿ ಹಿಡಿದು ಗಂಟು ಹಾಕುತ್ತಾರೆ.

ಮನೆಯಲ್ಲಿ ನಡೆಯುವ ಚಿಕಿತ್ಸೆ

ಆಪರೇಷನ್ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಅದರ ಫಲ ತಿಂಗಳುಗಟ್ಟಲೆ ಮನೆಯಲ್ಲಿ ನಡೆಯುವ ಕೆಲಸದ ಮೇಲೆ ನಿಂತಿದೆ. ಮೊದಲ ಎರಡು ವಾರ ಮುಖ್ಯವಾಗಿ ಊತ ಇಳಿಸುವುದು ಮತ್ತು ಗಾಯ ಒಣಗಿಸುವುದು. ಕಾಲನ್ನು ಕುರ್ಚಿಯ ಮೇಲೆ ಚಾಚಿದರೆ ಸಾಲದು. ಮಲಗಿ ಎದೆಗಿಂತ ಎತ್ತರದಲ್ಲಿಡಬೇಕು. ಬೆರಳುಗಳನ್ನು ಆಗಾಗ ಆಡಿಸುತ್ತಿರಬೇಕು. ಸುಮಾರು ಎರಡು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ.

ನಂತರದ ದೊಡ್ಡ ಪ್ರಶ್ನೆ ಪಾದ ಊರುವುದು ಯಾವಾಗ ಎಂಬುದು. ಆರು ವಾರ ನೆಲಕ್ಕೆ ಕಾಲು ಮುಟ್ಟಿಸಬಾರದು ಎನ್ನುವುದು ಬಹುಕಾಲದ ರೂಢಿ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 480 ರೋಗಿಗಳ ಮೇಲೆ ನಡೆದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವ್ಯಾಕ್ಸ್ ಅಧ್ಯಯನ ಈ ರೂಢಿಯನ್ನು ಪರೀಕ್ಷೆಗೆ ಒಡ್ಡಿತು. ಎರಡು ವಾರಕ್ಕೇ ಭಾರ ಹಾಕಲು ಆರಂಭಿಸಿದವರ ಸ್ಥಿತಿ ಆರು ವಾರ ಕಾದವರಿಗಿಂತ ಕಡಿಮೆಯೇನೂ ಆಗಿರಲಿಲ್ಲ. ಬೇಗ ನಡೆಯುವುದೆಂದರೆ ಬೇಗ ಕೆಲಸಕ್ಕೆ ಮರಳುವುದು, ಸ್ನಾಯು ಕರಗುವುದು ಕಡಿಮೆ. ದಿನಗೂಲಿ ಮೇಲೆ ಬದುಕುವ ಕುಟುಂಬಗಳಿಗೆ ನಾಲ್ಕು ವಾರದ ಅಂತರ ಸಣ್ಣದಲ್ಲ.

ಆದರೆ ಈ ಸುದ್ದಿ ಓದಿ ಯಾರೂ ತಾವಾಗಿಯೇ ಊರುಗೋಲು ಬಿಸಾಡಬಾರದು. ಸಿಂಡೆಸ್ಮೋಸಿಸಿಗೆ ಸ್ಕ್ರೂ ಹಾಕಿಸಿಕೊಂಡವರನ್ನು, ಡೆಲ್ಟಾಯ್ಡ್ ಹೊಲಿಸಿಕೊಂಡವರನ್ನು ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಾಯಲು ಹೇಳುತ್ತಾರೆ. ಒಂದೇ ವಾರ್ಡಿನಲ್ಲಿ, ಒಂದೇ ಬಗೆಯ ಪ್ಲೇಟು ಹಾಕಿಸಿಕೊಂಡ ಇಬ್ಬರಿಗೆ ಬೇರೆ ಬೇರೆ ಸಲಹೆ ಸಿಗುವುದು ಈ ಕಾರಣಕ್ಕೆ. ಪಕ್ಕದ ಹಾಸಿಗೆಯವರು ನಡೆಯುತ್ತಿದ್ದಾರೆಂದು ನಡೆಯತೊಡಗುವುದು ಅಪಾಯ. ಸಿಂಡೆಸ್ಮೋಸಿಸಿನ ಸ್ಕ್ರೂ ತೆಗೆಸಲೇಬೇಕೇ ಎಂಬುದಕ್ಕೂ ಈಗ ಉತ್ತರ ಸ್ಪಷ್ಟವಾಗುತ್ತಿದೆ. ಎಲ್ಲರಿಗೂ ಕಡ್ಡಾಯವಾಗಿ ತೆಗೆಯುವುದರ ಬದಲು ತೊಂದರೆ ಕೊಟ್ಟಾಗ ಮಾತ್ರ ತೆಗೆದರೂ ಫಲಿತಾಂಶ ಕೆಡುವುದಿಲ್ಲ ಎಂದು ನೆದರ್‌ಲ್ಯಾಂಡ್ಸ್‌ನ ರೋಡಿಯೋ ಅಧ್ಯಯನ ತೋರಿಸಿದೆ. ಬಿಟ್ಟ ಸ್ಕ್ರೂ ನಡೆಯುತ್ತಾ ನಡೆಯುತ್ತಾ ಸಡಿಲವಾಗಬಹುದು, ಮುರಿಯಲೂಬಹುದು. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ.

ಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಸಾಕು. ಲಿಗಮೆಂಟಿಗೆ ರಕ್ತದ ಪೂರೈಕೆ ಕಡಿಮೆ. ಹರಿದ ಜಾಗದಲ್ಲಿ ಮೊದಲು ಮೃದುವಾದ ಕಲೆಯ ಅಂಗಾಂಶ ತುಂಬಿಕೊಳ್ಳುತ್ತದೆ. ಅದರ ನಾರುಗಳು ಎಳೆತದ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗಲು ತಿಂಗಳುಗಳೇ ಬೇಕು, ವರ್ಷವೂ ಹಿಡಿಯಬಹುದು. ಜೊತೆಗೆ ಲಿಗಮೆಂಟಿನಲ್ಲಿ ಪಾದ ಯಾವ ಭಂಗಿಯಲ್ಲಿದೆ ಎಂದು ಮೆದುಳಿಗೆ ತಿಳಿಸುವ ಸೂಕ್ಷ್ಮ ನರತುದಿಗಳೂ ಇರುತ್ತವೆ. ಅವಕ್ಕೂ ಪೆಟ್ಟು ಬಿದ್ದಿರುವುದರಿಂದ ಕಲ್ಲುಮುಳ್ಳಿನ ದಾರಿಯಲ್ಲಿ ಪಾದ ಎತ್ತಲೋ ವಾಲುತ್ತದೆ. ಮೆಟ್ಟಿಲ ಮೇಲಿನ ಅಳುಕಿಗೆ ಕಾರಣ ಇಲ್ಲಿದೆ. ಅದು ರೋಗಿಯ ಮನಸ್ಸಿನ ದೌರ್ಬಲ್ಯವಲ್ಲ.

ಇದಕ್ಕೆ ಔಷಧಿಯಿಲ್ಲ, ಅಭ್ಯಾಸವಿದೆ. ಫಿಸಿಯೊಥೆರಪಿಸ್ಟ್ ಮೊದಲು ಕಲಿಸುವುದು ಪಾದವನ್ನು ಮೇಲಕ್ಕೆ ಬಗ್ಗಿಸುವುದನ್ನು: ಅಂಗಾಲಿಗೆ ಟವೆಲ್ ಸುತ್ತಿ ತನ್ನ ಕಡೆಗೆ ಎಳೆದುಕೊಳ್ಳುವುದು. ಆಮೇಲೆ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ನಂತರ ಒಂದೇ ಕಾಲಿನಲ್ಲಿ ಎತ್ತುವುದು. ಕೊನೆಗೆ ಒಂಟಿ ಕಾಲಿನಲ್ಲಿ ನಿಲ್ಲುವುದು, ಮೊದಲು ಕಣ್ಣು ತೆರೆದು, ಆಮೇಲೆ ಯಾರಾದರೂ ಪಕ್ಕದಲ್ಲಿರುವಾಗ ಕಣ್ಣು ಮುಚ್ಚಿ. ಸಮತಟ್ಟಾದ ನೆಲದ ಮೇಲೆ ನಡೆಯಲು ಪಾದ ಸುಮಾರು 10 ಡಿಗ್ರಿ ಮೇಲಕ್ಕೆ ಬಗ್ಗಿದರೆ ಸಾಕಾಗುತ್ತದೆ. ಕುಕ್ಕರುಗಾಲಿನಲ್ಲಿ ಕೂರಲು ಅದಕ್ಕಿಂತ ಬಹಳ ಹೆಚ್ಚು ಬೇಕು. ನೆಲದ ಮೇಲೆ ಕೂತು ಉಣ್ಣುವ, ಭಾರತೀಯ ಶೈಲಿಯ ಶೌಚಾಲಯ ಬಳಸುವ, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ರೋಗಿ ತನ್ನ ದಿನಚರಿಯನ್ನು ಮೊದಲ ಭೇಟಿಯಲ್ಲೇ ಫಿಸಿಯೊಥೆರಪಿಸ್ಟ್‌ಗೆ ಹೇಳಬೇಕು. ವ್ಯಾಯಾಮದ ಗುರಿ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ವಾಹನ ಓಡಿಸುವ ಆತುರವೂ ಇರುತ್ತದೆ. ಬಲಗಾಲಿನ ಗಂಟು ಮುರಿದು ಆಪರೇಷನ್ ಮಾಡಿಸಿಕೊಂಡವರು ಬ್ರೇಕ್ ಒತ್ತಲು ತೆಗೆದುಕೊಳ್ಳುವ ಸಮಯ ಸಹಜ ಮಟ್ಟಕ್ಕೆ ಮರಳಲು ಒಂಬತ್ತು ವಾರ ಬೇಕಾಯಿತು ಎಂದು 2003ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತು. ನೋವಿಲ್ಲ ಎಂಬ ಕಾರಣಕ್ಕೆ ಅದಕ್ಕೂ ಮುಂಚೆ ಗಾಡಿ ತೆಗೆಯುವುದು ರಸ್ತೆಯಲ್ಲಿರುವ ಇತರರಿಗೂ ಅಪಾಯ.

ಆಟಗಾರರ ಸುದ್ದಿ ಓದುವವರಿಗೆ ಈ ಲೆಕ್ಕ ನಿಧಾನವೆನಿಸಬಹುದು. ಎವರ್ಟನ್ ಫುಟ್‌ಬಾಲ್ ತಂಡದ ಆಂಡ್ರೆ ಗೋಮ್ಸ್ 2019ರ ನವೆಂಬರ್ 3ರಂದು ಮೈದಾನದಲ್ಲೇ ಬಲಪಾದದ ಗಂಟು ಮುರಿದು ಸರಿದದ್ದನ್ನು ಜಗತ್ತು ನೇರಪ್ರಸಾರದಲ್ಲಿ ಕಂಡಿತು. ಮರುದಿನ ಆಪರೇಷನ್ ಆಯಿತು. 2020ರ ಫೆಬ್ರುವರಿ 23ರಂದು ಅವರು ಮತ್ತೆ ಆಡಿದರು. ಬೆಂಗಳೂರಿನ ಅಭಿಮಾನಿಗಳಿಗೆ ಹತ್ತಿರದ ಗ್ಲೆನ್ ಮ್ಯಾಕ್ಸ್‌ವೆಲ್ 2022ರ ನವೆಂಬರಿನಲ್ಲಿ ಮೆಲ್ಬರ್ನಿನಲ್ಲಿ ಹುಟ್ಟುಹಬ್ಬದ ಕೂಟವೊಂದರಲ್ಲಿ ಜಾರಿ ಎಡಗಾಲಿನ ಫಿಬುಲಾ ಮುರಿದುಕೊಂಡರು. ಮುಂದಿನ ಮಾರ್ಚಿನಲ್ಲಿ ಆಸ್ಟ್ರೇಲಿಯಾ ಪರ ಏಕದಿನ ಪಂದ್ಯ ಆಡಿ, ನಂತರ ಆರ್‌ಸಿಬಿ ಜೆರ್ಸಿ ತೊಟ್ಟರು. ಸುಮಾರು ನಾಲ್ಕು ತಿಂಗಳ ಈ ಮರಳುವಿಕೆಯ ಹಿಂದೆ ಪ್ರತಿದಿನ ತಜ್ಞರ ನಿಗಾದಲ್ಲಿ ನಡೆದ ವ್ಯಾಯಾಮವಿದೆ, ಪೋಷಣೆಯಿದೆ, ಯುವ ದೇಹವಿದೆ. ಅದೇ ಮುರಿತಕ್ಕೆ ಆಪರೇಷನ್ ಮಾಡಿಸಿಕೊಂಡ ಐವತ್ತೈದರ ಗೃಹಿಣಿ ವರ್ಷದವರೆಗೂ ನಿಧಾನವಾಗಿ ಸುಧಾರಿಸುತ್ತಾ ಹೋದರೆ ಅದು ಸಹಜವೇ, ವೈಫಲ್ಯವಲ್ಲ.

ಎಚ್ಚರ ಬೇಕಾದ ಕಡೆ

ಮಧುಮೇಹಿಗಳ ಹಾದಿ ಇನ್ನೂ ಜೋಪಾನದ್ದು. ಪಾದದ ನರಗಳು ಮಂಕಾಗಿದ್ದರೆ ಗಂಟು ಸರಿಯುತ್ತಿದ್ದರೂ ನೋವೇ ಗೊತ್ತಾಗುವುದಿಲ್ಲ. ಅಂಥವರಿಗೆ ವೈದ್ಯರು ಹೆಚ್ಚು ಬಲದ ಜೋಡಣೆ ಮಾಡಿ, ಕಾಲು ಊರದ ಅವಧಿಯನ್ನೂ ಬಹಳ ಹೆಚ್ಚಿಸುತ್ತಾರೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯದಲ್ಲಿ ಸೋಂಕಿನ ಸಂಭವ ಏರುತ್ತದೆ. ಬೀಡಿ, ಸಿಗರೇಟು ಗಾಯ ಮತ್ತು ಮೂಳೆ ಎರಡೂ ಕೂಡುವುದನ್ನು ತಡಮಾಡುತ್ತವೆ. ಆಪರೇಷನ್ ನಂತರದ ತಿಂಗಳುಗಳಲ್ಲಾದರೂ ಅವನ್ನು ಮುಟ್ಟಬಾರದು.

ಗಾಯದಿಂದ ಕೀವು ಅಥವಾ ನೀರು ಸುರಿದರೆ, ಜ್ವರ ಬಂದರೆ, ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಇದ್ದರೆ ಆಸ್ಪತ್ರೆಗೆ ಹೋಗಬೇಕು. ಮೀನಖಂಡದಲ್ಲಿ ಗಡಸು ನೋವು ಅಥವಾ ಏಕಾಏಕಿ ಉಬ್ಬಸ ಕಾಣಿಸಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಶಂಕೆಯಿದೆ. ಬೆಳಗಾಗಲಿ ಎಂದು ಕಾಯುವಂತಿಲ್ಲ. ಸಂಜೆಯ ಊತ ಮಾತ್ರ ಬೇರೆ ವಿಷಯ. ದಿನವಿಡೀ ಓಡಾಡಿದ ಮೇಲೆ ಕಾಲುಚೀಲದ ಗುರುತು ಮೂಡುವಷ್ಟು ಊದಿ, ರಾತ್ರಿ ಮಲಗಿ ಎದ್ದಾಗ ಇಳಿಯುವುದು ತಿಂಗಳುಗಳ ಕಾಲ ಸಾಮಾನ್ಯ.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ರೋಗಿಯ ಕೈಗೆ ಒಂದು ಕಾಗದ ಬರುತ್ತದೆ. ಅದರಲ್ಲಿ ಮೂಳೆಯ ವಿವರ, ಮಾತ್ರೆಗಳ ಪಟ್ಟಿ, ಮುಂದಿನ ಭೇಟಿಯ ದಿನಾಂಕ ಇರುತ್ತವೆ. ಅದನ್ನು ಮಡಚಿ ಚೀಲಕ್ಕೆ ಹಾಕುವ ಮುನ್ನ ಐದು ಪ್ರಶ್ನೆ ಕೇಳಿ, ಉತ್ತರಗಳನ್ನು ಅದೇ ಕಾಗದದ ಮೇಲೆ ಬರೆಸಿಕೊಳ್ಳಿ. ಮೂಳೆ ಕೂಡಿಸಿದ ಮೇಲೆ ಗಂಟು ಸ್ಥಿರವಾಗಿದೆಯೇ ಎಂದು ಪರೀಕ್ಷಿಸಿದಿರಾ? ಯಾವ ಲಿಗಮೆಂಟು ಹರಿದಿತ್ತು, ಅದಕ್ಕೇನು ಮಾಡಿದಿರಿ? ಎಷ್ಟನೆಯ ವಾರದಿಂದ, ಎಷ್ಟು ಭಾರ ಹಾಕಬಹುದು? ಒಳಗಿರುವ ಸ್ಕ್ರೂಗಳಲ್ಲಿ ತೆಗೆಯಬೇಕಾದದ್ದು ಇದೆಯೇ? ಫಿಸಿಯೊಥೆರಪಿ ಯಾವ ದಿನ ಶುರು? ಬೇರೆ ಊರಿನಲ್ಲಿ, ಬೇರೆ ವೈದ್ಯರ ಬಳಿ ಚಿಕಿತ್ಸೆ ಮುಂದುವರಿಸಬೇಕಾಗಿ ಬಂದರೆ ಎಕ್ಸ್‌ರೇ ಹೇಳದ್ದನ್ನು ಅವರಿಗೆ ಹೇಳಬಲ್ಲದ್ದು ಆ ಕಾಗದವೊಂದೇ.